ಮಗ್‌ ತಳದ ಮೂರು ಚುಕ್ಕಿ: ಕಿಲ್ನ್‌ ಒಳಗಿನ ಪುಟ್ಟ ಮುಕ್ಕಾಲಿಯನ್ನು ಆರಿಸೋದು ಹೇಗೆ?

ಇದನ್ನ ಕೇಳ್ತಾ ಇರುವಾಗ ಅಡುಗೆಮನೆ ಹತ್ತಿರ ಇದ್ದರೆ ಒಂದು ಸಣ್ಣ ಕೆಲಸ ಮಾಡಿ. ಉಪ್ಪಿನಕಾಯಿ ಹಾಕುವ ಭರಣಿ ಇದೆಯಲ್ಲ, ಮೇಲೆ ಕಂದು, ಕೆಳಗೆ ಬಿಳಿ ಬಣ್ಣದ್ದು, ಅದರ ತಳ ನೋಡಿ. ಖಾಲಿ ಇದ್ದರೆ ಮಾತ್ರ ತಿರುಗಿಸಿ. ತುಂಬಿದ ಭರಣಿ ತಿರುಗಿಸಿ ಅಮ್ಮನ ಹತ್ತಿರ ಬೈಸಿಕೊಂಡರೆ ನಾನು ಜವಾಬ್ದಾರನಲ್ಲ. ಮೈಯೆಲ್ಲ ನುಣ್ಣಗಿರುವ ಭರಣಿಯ ತಳ ಮಾತ್ರ ಒರಟಾಗಿರುತ್ತೆ. ಅಲ್ಲಿ ಗ್ಲೇಜ್‌ ಇರಲ್ಲ. ಈಗ ಹಳೇ ಪಿಂಗಾಣಿ ತಟ್ಟೆ ಯಾವುದಾದರೂ ಇದ್ದರೆ ಅದನ್ನೂ ತಿರುಗಿಸಿ. ಕೆಲವು ತಟ್ಟೆಗಳಲ್ಲಿ ತಳವೂ ಮಿರಮಿರ ಮಿನುಗ್ತಿರುತ್ತೆ, ಬೆರಳಾಡಿಸಿದರೆ ಎಲ್ಲೋ ಮೂರು ಪುಟ್ಟ ಚುಕ್ಕಿ ಸಿಗುತ್ತೆ.

ಒಂದರ ತಳ ಬೋಳು, ಇನ್ನೊಂದರ ತಳಕ್ಕೆ ಮೂರು ಚುಕ್ಕಿ. ಯಾಕೆ ಹೀಗೆ? ಇವತ್ತಿನ ಮಾತೆಲ್ಲ ಇದರ ಬಗ್ಗೆನೇ. ವಾರಾಂತ್ಯದಲ್ಲಿ ಪಾಟರಿ ಕ್ಲಾಸಿಗೆ ಹೋಗುವವರು, ಮನೆಯಲ್ಲೇ ಮಗ್‌, ಮಣಿ, ಬಟ್ಟಲು ಮಾಡಿ ಇನ್‌ಸ್ಟಾಗ್ರಾಂನಲ್ಲಿ ಮಾರುವವರು ಈಗ ತುಂಬಾ ಜನ. ಅವರೆಲ್ಲ ತಮ್ಮ ಸಾಮಾನನ್ನ ಸುಡೋಕೆ ತರೋದು ಹಂಚಿಕೆಯ ಕಿಲ್ನ್‌ಗೆ. ನಾನು ಬೆಂಗಳೂರಿನಲ್ಲಿ ಅಂಥದ್ದೇ ಒಂದು ಸ್ಟುಡಿಯೋದಲ್ಲಿ ಕಿಲ್ನ್‌ ತುಂಬುವ ಕೆಲಸ ಮಾಡ್ತೀನಿ. ಅಲ್ಲಿ ವಾರಕ್ಕೊಮ್ಮೆಯಾದರೂ ಒಬ್ಬರು ಕೇಳ್ತಾರೆ: ‘ಸರ್‌, ಇದಕ್ಕಿಂತ ಗಟ್ಟಿ ಸ್ಟಿಲ್ಟ್‌ ಸಿಗಲ್ವಾ?’ ನನ್ನ ಉತ್ತರ ಯಾವಾಗಲೂ ಒಂದೇ: ಸ್ಟಿಲ್ಟ್‌ ಆಮೇಲೆ ನೋಡೋಣ, ಮೊದಲು ನಿಮ್ಮ ಮಣ್ಣು ಯಾವುದು ಹೇಳಿ.

ಸ್ಟಿಲ್ಟ್‌ ಅಂದರೇನು ಅಂತ ಮೊದಲು ನೋಡೋಣ. ಗ್ಲೇಜ್‌ ಅಂತ ನಾವು ಕರೆಯೋದು ಮೂಲತಃ ಗಾಜು. ಪುಡಿಯನ್ನ ನೀರಲ್ಲಿ ಕಲಸಿ, ಒಮ್ಮೆ ಸುಟ್ಟ ಪಾತ್ರೆಗೆ ಬಳಿದು, ಮತ್ತೆ ಕಿಲ್ನ್‌ನಲ್ಲಿ ಇಡ್ತೀವಿ. ಕಾವೇರಿದಾಗ ಅದು ಕರಗಿ ಬೆಲ್ಲದ ಪಾಕದ ಹಾಗೆ ಆಗುತ್ತೆ, ಆರಿದಾಗ ಗಾಜಾಗಿ ಗಟ್ಟಿಯಾಗುತ್ತೆ. ಚಿಕ್ಕಿ ಮಾಡುವಾಗ ತಟ್ಟೆಗೆ ತುಪ್ಪ ಸವರದೆ ಪಾಕ ಸುರಿದರೆ ಏನಾಗುತ್ತೆ ಗೊತ್ತಲ್ಲ? ತಟ್ಟೆ ಬೇರೆ ಅಲ್ಲ, ಚಿಕ್ಕಿ ಬೇರೆ ಅಲ್ಲ. ತಳಕ್ಕೂ ಗ್ಲೇಜ್‌ ಬಳಿದ ಮಗ್ಗನ್ನ ನೇರವಾಗಿ ಕಿಲ್ನ್‌ ಶೆಲ್ಫ್‌ ಮೇಲೆ ಇಟ್ಟರೆ ಅದೇ ಗತಿ. ಬಿಡಿಸೋಕೆ ಹೋದರೆ ಮಗ್‌ ಒಡೆಯುತ್ತೆ, ಇಲ್ಲವೇ ಶೆಲ್ಫ್‌ ಚೂರು ಏಳುತ್ತೆ.

ಅದಕ್ಕೇ ಪಾತ್ರೆಯನ್ನ ಶೆಲ್ಫಿನಿಂದ ಸ್ವಲ್ಪ ಮೇಲಕ್ಕೆ ಎತ್ತಿ ನಿಲ್ಲಿಸಬೇಕು. ಹಾಗೆ ನಿಲ್ಲಿಸುವ ಪುಟ್ಟ ಮುಕ್ಕಾಲಿಯೇ ಸ್ಟಿಲ್ಟ್‌. ನಡುವಿನಿಂದ ಮೂರು ತೋಳು ಚಾಚಿರುತ್ತೆ, ತೋಳಿನ ತುದಿಯಲ್ಲಿ ಒಂದೊಂದು ಮೊನೆ. ಪಾತ್ರೆ ಮೊನೆಗಳ ಮೇಲೆ ಮಾತ್ರ ಕೂರುತ್ತೆ. ಸುಟ್ಟಾದ ಮೇಲೆ ಉಳಿಯೋದು ಮೂರು ಚುಕ್ಕಿ, ಅಷ್ಟೇ. ಮೂರೇ ಯಾಕೆ? ಅಜ್ಜಿ ಮನೆಯ ಮೂರು ಕಲ್ಲಿನ ಒಲೆ ನೆನಪು ಮಾಡಿಕೊಳ್ಳಿ. ನೆಲ ಎಷ್ಟೇ ಏರುಪೇರಿದ್ದರೂ ಮೂರು ಕಲ್ಲಿನ ಮೇಲೆ ಪಾತ್ರೆ ಅಲುಗಾಡಲ್ಲ. ನಾಲ್ಕು ಕಾಲಿದ್ದರೆ ಒಂದು ಯಾವಾಗಲೂ ತಕರಾರು ಮಾಡುತ್ತೆ.

ನಮ್ಮ ಹಳ್ಳಿಯ ಕುಂಬಾರರ ಆವಿಗೆಯಲ್ಲಿ ಇಂಥ ಸಾಮಾನು ಕಾಣಲ್ಲ. ಬೇಕಾಗೇ ಇಲ್ಲ. ಮಡಿಕೆಗೆ ಗ್ಲೇಜ್‌ ಇಲ್ಲ, ಹಾಗಾಗಿ ಒಂದರ ಮೇಲೊಂದು ಪೇರಿಸಿ ಸುಟ್ಟರೂ ಅಂಟಲ್ಲ. ಮಂಗಳೂರು ಹಂಚಿಗೂ ಅಷ್ಟೇ. ನಮ್ಮ ಸ್ಟುಡಿಯೋಗಳಲ್ಲಿ ಬಿಸ್ಕ್‌ ಅಂತ ಕರೆಯುವ ಮೊದಲ ಸುಡುವಿಕೆಗೂ ಸ್ಟಿಲ್ಟ್‌ ಬೇಡ. ಗ್ಲೇಜ್‌ ಬಂದಾಗ ಮಾತ್ರ ಈ ಪ್ರಶ್ನೆ ಹುಟ್ಟುತ್ತೆ.

ಹಾಗಾದರೆ ತಳಕ್ಕೆ ಗ್ಲೇಜ್‌ ಬಳಿಯೋದೇ ಬೇಡ ಅಂದರಾಯಿತಲ್ಲ? ಒಳ್ಳೆ ಪ್ರಶ್ನೆ. ಉತ್ತರ ಮಣ್ಣಿನಲ್ಲಿದೆ.

ಮಣ್ಣಿನ ಪಾತ್ರೆಗಳನ್ನ ಸುಲಭಕ್ಕೆ ಎರಡು ಗುಂಪು ಮಾಡೋಣ. ಮೊದಲನೆಯದು ಅರ್ಥನ್‌ವೇರ್‌. ಕಡಿಮೆ ಕಾವಿನಲ್ಲಿ, ಅಂದರೆ ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ 1000ರಿಂದ 1100 ಡಿಗ್ರಿ ಸೆಲ್ಸಿಯಸ್‌ ಒಳಗೆ ಸುಡುವಂಥದ್ದು. ಇದರ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿದಿರುತ್ತವೆ. ಬೇಸಿಗೆಯಲ್ಲಿ ಮಣ್ಣಿನ ಮಡಿಕೆ ನೀರು ತಣ್ಣಗಿಡೋದು ಇದೇ ರಂಧ್ರಗಳ ದಯೆಯಿಂದ: ನೀರು ಜಿನುಗಿ ಹೊರಗೆ ಆರುತ್ತೆ, ಒಳಗಿನದು ತಂಪಾಗುತ್ತೆ. ಮಡಿಕೆಗೆ ಅದು ಗುಣ, ಕಾಫಿ ಮಗ್ಗಿಗೆ ದೋಷ. ತಳ ಬೋಳು ಬಿಟ್ಟರೆ ತೊಳೆದಾಗಲೆಲ್ಲ ನೀರು ಹೀರುತ್ತೆ, ಮೇಜಿನ ಮೇಲೆ ಒದ್ದೆ ಉಂಗುರ ಬಿಡುತ್ತೆ, ಮೈಕ್ರೋವೇವ್‌ನಲ್ಲಿ ಇಟ್ಟರೆ ಹಿಡಿಯೋಕೆ ಆಗದಷ್ಟು ಬಿಸಿಯಾಗುತ್ತೆ. ಹಾಗಾಗಿ ತಳಕ್ಕೂ ಗ್ಲೇಜ್‌ ಬೇಕು ಅನ್ನಿಸುತ್ತೆ, ಸ್ಟಿಲ್ಟ್‌ ಬೇಕಾಗುತ್ತೆ.

ಎರಡನೆಯದು ಸ್ಟೋನ್‌ವೇರ್‌ ಮತ್ತು ಪೋರ್ಸಿಲೇನ್‌. ಇವನ್ನ ಸುಡೋದು ಸುಮಾರು 1200ರಿಂದ 1300 ಡಿಗ್ರಿವರೆಗೆ. ಆ ಕಾವಿನಲ್ಲಿ ಮಣ್ಣಿನೊಳಗಿನ ಫೆಲ್ಡ್‌ಸ್ಪಾರ್‌ನಂಥ ಖನಿಜ ಕರಗಿ, ಗಾಜಾಗಿ, ರಂಧ್ರಗಳನ್ನ ಮುಚ್ಚುತ್ತೆ. ನಿಮ್ಮ ಉಪ್ಪಿನಕಾಯಿ ಭರಣಿ ಇದೇ ಗುಂಪಿನದು. ತಳಕ್ಕೆ ಗ್ಲೇಜ್‌ ಇಲ್ಲದಿದ್ದರೂ ಎಣ್ಣೆ ಜಿನುಗಲ್ಲ, ಯಾಕಂದರೆ ಮಣ್ಣೇ ಕಲ್ಲಿನಂತಾಗಿದೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಪೂರ್ತಿ ಸುಟ್ಟ ಪಾತ್ರೆಯ ಬೋಳು ತಳಕ್ಕೆ ಒಂದು ಹನಿ ನೀರು ಬಿಡಿ. ಥಟ್ಟನೆ ಹೀರಿಕೊಂಡರೆ ಅದರಲ್ಲಿ ರಂಧ್ರ ಉಳಿದಿದೆ. ಹನಿ ಹಾಗೇ ಕೂತರೆ ಮೈ ಮುಚ್ಚಿಕೊಂಡಿದೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಮಣ್ಣಿನ ಮೈ ಗಾಜಾಗುತ್ತೆ ಅಂದೆನಲ್ಲ, ಆಗ ಅದು ಸ್ವಲ್ಪ ಮೆತ್ತಗೂ ಆಗುತ್ತೆ. ಬೇಸಿಗೆ ಬಿಸಿಲಲ್ಲಿ ಇಟ್ಟ ಮೇಣದಬತ್ತಿ ಕರಗುವ ಮೊದಲೇ ಬಾಗುತ್ತಲ್ಲ, ಹಾಗೆ. ಆ ಹೊತ್ತಿನಲ್ಲಿ ಪಾತ್ರೆಯ ಪೂರ್ತಿ ಭಾರ ಮೂರು ಮೊನೆಗಳ ಮೇಲಿದ್ದರೆ? ಮೊನೆಗಳು ತಳದೊಳಗೆ ಇಳಿಯುತ್ತವೆ. ಮೊನೆಗಳ ಆಚೆ ಚಾಚಿದ ಅಂಚು ಜೋತು ಬೀಳುತ್ತೆ. ತಟ್ಟೆ ಇಟ್ಟಿದ್ದು ಕಿಲ್ನ್‌ ತೆಗೆದಾಗ ಒಣಗಿದ ಎಲೆಯ ಹಾಗೆ ಮುದುಡಿರುತ್ತೆ. ಇಲ್ಲಿ ಸ್ಟಿಲ್ಟ್‌ ತಪ್ಪೇನೂ ಮಾಡಿಲ್ಲ, ಗಟ್ಟಿಯಾಗೇ ನಿಂತಿತ್ತು. ಬಗ್ಗಿದ್ದು ಪಾತ್ರೆ.

‘ಇನ್ನೂ ಗಟ್ಟಿ ಸ್ಟಿಲ್ಟ್‌’ ಉತ್ತರ ಅಲ್ಲ ಅಂತ ನಾನು ಹೇಳೋದು ಇದಕ್ಕೇ. ಎರಡು ಪ್ರಶ್ನೆ ಬೇರೆ ಬೇರೆ ಕೇಳಿಕೊಳ್ಳಬೇಕು. ಈ ಕಾವನ್ನ ಸ್ಟಿಲ್ಟ್‌ ತಡೆಯುತ್ತಾ? ಈ ಕಾವಿನಲ್ಲಿ ಪಾತ್ರೆಯ ಮೈ ಬಿಗಿಯಾಗಿ ನಿಲ್ಲುತ್ತಾ? ಅಂಗಡಿಯವರ ಡಬ್ಬಿ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತೆ. ಎರಡನೆಯದಕ್ಕೆ ಉತ್ತರ ನಿಮ್ಮ ಮಣ್ಣಿನ ಚೀಲದ ಮೇಲೆ ಬರೆದಿರುತ್ತೆ.

ಮೊದಲ ಪ್ರಶ್ನೆಯನ್ನ ಬೇಗ ಮುಗಿಸೋಣ. ಸ್ಟಿಲ್ಟ್‌ನಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಒಂದು ಪೂರ್ತಿ ಸೆರಾಮಿಕ್‌ನದು, ಮೊನೆಯೂ ಸೆರಾಮಿಕ್ಕೇ. ಇದು ಕಾವು ಚೆನ್ನಾಗಿ ತಡೆಯುತ್ತೆ. ಆದರೆ ಬಿಡಿಸುವಾಗ ಮೊನೆ ಮುರಿದು ಗ್ಲೇಜ್‌ನಲ್ಲೇ ಉಳಿಯೋ ಸಂಭವ ಜಾಸ್ತಿ. ಇನ್ನೊಂದರಲ್ಲಿ ಸೆರಾಮಿಕ್‌ ತೋಳಿಗೆ ಲೋಹದ ತಂತಿಯ ಮೊನೆ ಸಿಕ್ಕಿಸಿರ್ತಾರೆ. ಇದು ಸಣ್ಣ ಗುರುತು ಬಿಡುತ್ತೆ, ಬಿಡಿಸೋದು ಸುಲಭ, ಮತ್ತೆ ಮತ್ತೆ ಬಳಸಬಹುದು. ಅರ್ಥನ್‌ವೇರ್‌ ಮಾಡುವವರಿಗೆ ಸಾಮಾನ್ಯವಾಗಿ ಇದೇ ಅನುಕೂಲ.

ಆದರೆ ಲೋಹಕ್ಕೆ ಮಿತಿ ಇದೆ. ಹೀಟರ್‌ ಕಾಯಿಲ್‌ನಲ್ಲಿ ಇರುವ ನೈಕ್ರೋಮ್‌ ತಂತಿ ಕರಗೋದು ಸುಮಾರು 1400 ಡಿಗ್ರಿಗೆ. ಹಾಗಂತ 1300ಕ್ಕೆ ನಿರಾಳವಾಗಿ ಬಳಸಬಹುದು ಅಂದುಕೊಳ್ಳಬೇಡಿ. ಲೋಹ ಕರಗುವ ಎಷ್ಟೋ ಮೊದಲೇ ಮೆತ್ತಗಾಗುತ್ತೆ, ಭಾರ ಬಿದ್ದರೆ ಬಾಗುತ್ತೆ. ಕಾಂತಾಲ್‌ ಅನ್ನೋ ಕಬ್ಬಿಣ–ಕ್ರೋಮಿಯಂ–ಅಲ್ಯೂಮಿನಿಯಂ ತಂತಿ ಇನ್ನೂ ಹೆಚ್ಚು ಕಾವು ತಡೆಯುತ್ತೆ, ಎಲೆಕ್ಟ್ರಿಕ್‌ ಕಿಲ್ನ್‌ಗಳ ಕಾಯಿಲ್‌ ಮಾಡೋದೇ ಅದರಲ್ಲಿ. ಅದೂ ಭಾರಕ್ಕೆ ಬಾಗಬಲ್ಲದು. ಮಣಿ ಮಾಡುವವರು ತಂತಿಗೆ ಮಣಿ ಪೋಣಿಸಿ ಎರಡು ಕಂಬದ ಮಧ್ಯೆ ನೇತುಹಾಕ್ತೀರಲ್ಲ, ನಿಮಗೂ ಇದೇ ಲೆಕ್ಕ: ತಂತಿ ಗಿಡ್ಡ ಇರಲಿ, ಮಣಿ ಕಡಿಮೆ ಇರಲಿ. ಕಬ್ಬಿಣದ ಮೊಳೆಯಲ್ಲಿ ಸ್ಟಿಲ್ಟ್‌ ಮಾಡುವ ಜುಗಾಡ್‌ ಬೇಡ. ಆ ಕಾವಿಗೆ ಕಬ್ಬಿಣ ಹೊಪ್ಪಳೆ ಏಳುತ್ತೆ, ಕಪ್ಪು ಚೂರು ಗ್ಲೇಜ್‌ ಮೇಲೆ ಬೀಳುತ್ತೆ.

ಇನ್ನು ಡಬ್ಬಿ ಓದುವಾಗ ಎರಡು ಕಡೆ ಹುಷಾರಾಗಿರಬೇಕು. ಕಿಲ್ನ್‌ ಲೋಕದಲ್ಲಿ ಕಾವನ್ನ ‘ಕೋನ್‌’ ಲೆಕ್ಕದಲ್ಲಿ ಹೇಳ್ತಾರೆ. ಕೋನ್‌ ಅಂದರೆ ಗೊತ್ತಾದ ಕಾವಿಗೆ ಬಾಗುವಂತೆ ಮಾಡಿದ ಪುಟ್ಟ ಗೋಪುರ. 1886ರಲ್ಲಿ ಜರ್ಮನಿಯ ಹರ್ಮನ್‌ ಸೇಗರ್‌ ಇದನ್ನ ಬಳಕೆಗೆ ತಂದರು, ಆಮೇಲೆ ಅಮೆರಿಕದಲ್ಲಿ ಎಡ್ವರ್ಡ್‌ ಆರ್ಟನ್‌ ತಮ್ಮದೇ ಸರಣಿ ಮಾಡಿದರು. ಇವತ್ತು ಹೆಚ್ಚಾಗಿ ಸಿಗೋದು ಆರ್ಟನ್‌ ಕೋನ್‌. ಅದರಲ್ಲಿ 06 ಬೇರೆ, 6 ಬೇರೆ! ಮುಂದೆ ಸೊನ್ನೆ ಇದ್ದರೆ ಅದನ್ನ ಮೈನಸ್‌ ಥರ ಓದಿ. ಕೋನ್‌ 06 ಅಂದರೆ ಸುಮಾರು 1000 ಡಿಗ್ರಿ, ಕೋನ್‌ 04 ಅಂದರೆ ಸುಮಾರು 1060. ಕೋನ್‌ 6 ಅಂದರೆ ಸುಮಾರು 1220, ಕೋನ್‌ 10 ಅಂದರೆ 1300ರ ಆಸುಪಾಸು. ಒಂದು ಸೊನ್ನೆ ಬಿಟ್ಟು ಓದಿದರೆ 200 ಡಿಗ್ರಿಗೂ ಹೆಚ್ಚು ವ್ಯತ್ಯಾಸ.

ಎರಡನೆಯದು ಫ್ಯಾರನ್‌ಹೀಟ್‌. ಸ್ಟಿಲ್ಟ್‌ ಎಷ್ಟೋ ಬ್ರ್ಯಾಂಡ್‌ಗಳು ಅಮೆರಿಕದವು. ಡಬ್ಬಿ ಮೇಲೆ 2000 ಅಂತ ಕಂಡು ‘ಅಬ್ಬಾ, 2000 ಡಿಗ್ರಿ ತಡೆಯುತ್ತೆ’ ಅಂತ ಖುಷಿಪಡಬೇಡಿ. ಪಕ್ಕದಲ್ಲಿ ಎಫ್‌ ಇದೆಯಾ ನೋಡಿ. 2000 ಫ್ಯಾರನ್‌ಹೀಟ್‌ ಅಂದರೆ ನಮ್ಮ ಲೆಕ್ಕದಲ್ಲಿ 1093 ಡಿಗ್ರಿ ಮಾತ್ರ. ಅರ್ಥನ್‌ವೇರ್‌ಗೆ ಸಾಕು, ಸ್ಟೋನ್‌ವೇರ್‌ಗೆ ಸಾಲದು. ಜೊತೆಗೆ ಕಿಲ್ನ್‌ನ ಡಿಜಿಟಲ್‌ ಮೀಟರನ್ನೇ ನಂಬಿ ಕೂರಬೇಡಿ. ಕಾವು ಅಳೆಯುವ ಥರ್ಮೋಕಪಲ್‌ ಹಳೆಯದಾದ ಹಾಗೆ ತಪ್ಪು ಅಂಕಿ ತೋರಿಸುತ್ತೆ. ಸ್ಟಿಲ್ಟ್‌ ಪಕ್ಕದಲ್ಲಿ ಒಂದು ಕೋನ್‌ ಇಟ್ಟರೆ, ಆ ಜಾಗಕ್ಕೆ ಎಷ್ಟು ಕಾವು ತಟ್ಟಿತು ಅಂತ ಅದೇ ಸಾಕ್ಷಿ ಹೇಳುತ್ತೆ.

ಈಗ ಎರಡನೇ ಪ್ರಶ್ನೆ, ಪಾತ್ರೆಯ ಮೈ. ಬೋನ್‌ ಚೈನಾ ಇದಕ್ಕೆ ಒಳ್ಳೆ ಉದಾಹರಣೆ. ಅದು ಸ್ಟೋನ್‌ವೇರ್‌ನಷ್ಟೇ ಗಟ್ಟಿ, ರಂಧ್ರ ಇಲ್ಲ. ಆದರೂ ತಳದವರೆಗೆ ಗ್ಲೇಜ್‌ ಬಳಿದು ಮೊನೆಗಳ ಮೇಲೆ ಸುಡ್ತಾರೆ, ಬಗ್ಗಲ್ಲ. ಹೇಗೆ? ಅವರು ಕ್ರಮವನ್ನೇ ತಿರುಗಿಸಿದ್ದಾರೆ. ನಾವು ಸ್ಟುಡಿಯೋದಲ್ಲಿ ಮೊದಲು ಕಡಿಮೆ ಕಾವು, ಆಮೇಲೆ ಗ್ಲೇಜ್‌ಗೆ ಹೆಚ್ಚು ಕಾವು ಕೊಡ್ತೀವಿ. ಅಲ್ಲಿ ಮೊದಲೇ ಸುಮಾರು 1250 ಡಿಗ್ರಿಯಲ್ಲಿ, ಗ್ಲೇಜ್‌ ಇಲ್ಲದೆ, ಸರಿಯಾದ ಆಸರೆ ಕೊಟ್ಟು ಮೈಯನ್ನ ಪೂರ್ತಿ ಗಟ್ಟಿ ಮಾಡ್ತಾರೆ. ಆಮೇಲೆ ಗ್ಲೇಜ್‌ ಬಳಿದು 1100ರ ಒಳಗೇ ಸುಡ್ತಾರೆ. ಆ ಕಡಿಮೆ ಕಾವಿಗೆ ಮೈ ಮತ್ತೆ ಮೆತ್ತಗಾಗಲ್ಲ. ಹಾಗಾಗಿ ಮೂರು ಮೊನೆ ಸಾಕು. ಅಂದರೆ ಕೇಳಬೇಕಾದದ್ದು ಬರೀ ‘ಎಷ್ಟು ಡಿಗ್ರಿ’ ಅಂತಲ್ಲ, ‘ಈ ಮೈ ಮೆತ್ತಗಾಗುವ ಡಿಗ್ರಿಗೆ ನಾವು ಎಷ್ಟು ಹತ್ತಿರ ಹೋಗ್ತಿದ್ದೀವಿ’ ಅಂತ.

ಚೀನಾದಲ್ಲಿ ಸುಮಾರು 900 ವರ್ಷದ ಹಿಂದೆ, ಸಾಂಗ್‌ ಅರಸರ ಕಾಲದಲ್ಲಿ, ಈಗಿನ ಹೆನಾನ್‌ ಪ್ರಾಂತ್ಯದ ಕುಂಬಾರರಿಗೆ ಈ ಹದ ಗೊತ್ತಿತ್ತು. ಅರಮನೆಗಾಗಿ ಅವರು ಮಾಡ್ತಿದ್ದ ‘ರೂ’ ಪಾತ್ರೆಗಳಿಗೆ ತಳದವರೆಗೂ ತಿಳಿನೀಲಿ–ಹಸಿರು ಗ್ಲೇಜ್‌. ಮೈ ಪೂರ್ತಿ ಗಾಜಾಗುವಷ್ಟು ಕಾವು ಕೊಡದೆ ಸುಟ್ಟಿದ್ದರಿಂದ ಸೂಜಿಯಂಥ ಮೊನೆಗಳ ಮೇಲೂ ಪಾತ್ರೆ ನಿಂತಿತು. ತಳದಲ್ಲಿ ಉಳಿದ ಗುರುತು ಎಷ್ಟು ಸಣ್ಣದು ಅಂದರೆ ಅದಕ್ಕೆ ‘ಎಳ್ಳು ಕಾಳಿನ ಗುರುತು’ ಅಂತಲೇ ಹೆಸರು. ಜಗತ್ತಿನಲ್ಲಿ ಉಳಿದಿರುವ ರೂ ಪಾತ್ರೆಗಳು ನೂರಕ್ಕಿಂತ ಕಡಿಮೆ ಅಂತಾರೆ. ಅದರಲ್ಲೊಂದು, ಬರೀ 13 ಸೆಂಟಿಮೀಟರ್‌ ಅಗಲದ ಕುಂಚ ತೊಳೆಯುವ ಬಟ್ಟಲು, 2017ರಲ್ಲಿ ಹಾಂಗ್‌ಕಾಂಗ್‌ ಹರಾಜಿನಲ್ಲಿ 29.4 ಕೋಟಿ ಹಾಂಗ್‌ಕಾಂಗ್‌ ಡಾಲರ್‌ಗೆ ಹೋಯಿತು. ಅದರ ತಳದಲ್ಲೂ ಎಳ್ಳು ಕಾಳಿನ ಗುರುತು ಇದೆ. ನಾವು ಕಳಂಕ ಅಂದುಕೊಳ್ಳುವ ಚುಕ್ಕಿ ಅಲ್ಲಿ ಅಸಲಿತನದ ಒಂದು ಗುರುತು!

ಸರಿ, ನಿಮ್ಮದು ಸ್ಟೋನ್‌ವೇರ್‌, ಕೋನ್‌ 6 ಅಥವಾ 10ಕ್ಕೆ ಸುಡಬೇಕು. ಏನು ಮಾಡೋದು? ಸ್ಟಿಲ್ಟ್‌ ಬಿಡಿ, ತಳ ಒರೆಸಿ. ತಳದಲ್ಲಿ ಬಳೆಯಂಥ ಅಂಚು ಕೆತ್ತಿ, ಅದಕ್ಕೆ ಮೇಣ ಹಚ್ಚಿ, ಆಮೇಲೆ ಗ್ಲೇಜ್‌ನಲ್ಲಿ ಅದ್ದಿ. ಮೇಣದ ಮೇಲೆ ಗ್ಲೇಜ್‌ ನಿಲ್ಲಲ್ಲ, ನಿಂತ ಹನಿಯನ್ನ ಸ್ಪಂಜಿನಿಂದ ಒರೆಸಿ. ಬಳೆಯ ಮೇಲೆ ಒಂದೆರಡು ಮಿಲಿಮೀಟರ್‌ ಜಾಗ ಬೋಳಾಗೇ ಇರಲಿ. ಪುದುಚೇರಿಯಲ್ಲಿ 1971ರಲ್ಲಿ ರೇ ಮೀಕರ್‌ ಮತ್ತು ಡೆಬೊರಾ ಸ್ಮಿತ್‌ ಶುರು ಮಾಡಿದ ಗೋಲ್ಡನ್‌ ಬ್ರಿಜ್‌ ಪಾಟರಿಯಿಂದ ಬೆಳೆದು ಬಂದದ್ದು ಸ್ಟೋನ್‌ವೇರ್‌ ಪರಂಪರೆ. ಬೆಂಗಳೂರಿನ ಸ್ಟುಡಿಯೋಗಳಲ್ಲೂ ಸ್ಟೋನ್‌ವೇರ್‌ ಕೆಲಸ ತುಂಬಾ ಇದೆ. ಎಷ್ಟೋ ಕಡೆ ಸ್ಟಿಲ್ಟೇ ಕಾಣಲ್ಲ ಅಂದರೆ ಕಾರಣ ಇದು.

ಗ್ಲೇಜ್‌ ಹರಿಯುವ ಜಾತಿಯದ್ದಾದರೆ, ಪಾತ್ರೆ ಕೆಳಗೆ ಅದೇ ಮಣ್ಣಿನ ಬಿಲ್ಲೆಯೊಂದನ್ನ ಮಾಡಿ ಇಡಿ. ಸುರಿದರೆ ಬಿಲ್ಲೆ ಹಾಳಾಗುತ್ತೆ, ಶೆಲ್ಫ್‌ ಉಳಿಯುತ್ತೆ. ಸೌದೆ ಕಿಲ್ನ್‌ನಲ್ಲಿ ಬೂದಿಯೇ ಹಾರಿ ಗ್ಲೇಜ್‌ ಆಗೋದರಿಂದ, ಅಲ್ಯುಮಿನಾ ಮತ್ತು ಬಿಳಿಜೇಡಿ ಕಲಸಿದ ಪುಟ್ಟ ಉಂಡೆಗಳನ್ನ ಪಾತ್ರೆಯ ಕಾಲಿಗೆ ಅಂಟಿಸ್ತಾರೆ. ಕೆಲವರು ಕಪ್ಪೆಚಿಪ್ಪಿನೊಳಗೆ ಈ ಉಂಡೆ ತುಂಬಿ ಅದರ ಮೇಲೆ ಪಾತ್ರೆ ಮಲಗಿಸ್ತಾರೆ. ಕರಾವಳಿಯವರಿಗೆ ಗೊತ್ತಿರುತ್ತೆ, ಚಿಪ್ಪು ಸುಟ್ಟರೆ ಸುಣ್ಣ. ಕಿಲ್ನ್‌ನಿಂದ ತೆಗೆದ ಮೇಲೆ ನೀರು ತಾಗಿಸಿದರೆ ಚಿಪ್ಪು ಪುಡಿಯಾಗಿ ಉದುರುತ್ತೆ, ಪಾತ್ರೆ ಮೇಲೆ ಚಿಪ್ಪಿನ ಅಚ್ಚು ಉಳಿಯುತ್ತೆ.

ಒಂದು ಎಚ್ಚರಿಕೆ. ಊರಿನ ಕೆರೆ ಮಣ್ಣಿನಲ್ಲಿ ಮಗ್‌ ಮಾಡಿ, ಅದಕ್ಕೆ ಸ್ಟೋನ್‌ವೇರ್‌ ಗ್ಲೇಜ್‌ ಬಳಿದು ‘ನಿಮ್ಮ 1220ರ ಕಿಲ್ನ್‌ನಲ್ಲಿ ಒಂದು ಮೂಲೆ ಕೊಡಿ’ ಅಂತ ಬರುವವರಿದ್ದಾರೆ. ಹಳ್ಳಿ ಮಡಿಕೆ ಸುಡೋದು ಸಾಮಾನ್ಯವಾಗಿ 700ರಿಂದ 900 ಡಿಗ್ರಿಯಲ್ಲಿ. ಅಂಥ ಕೆಂಪು ಮಣ್ಣು 1220ಕ್ಕೆ ಉಬ್ಬಬಹುದು, ಕುಸಿಯಬಹುದು, ಕರಗಿ ಶೆಲ್ಫಿಗೆ ಹರಿಯಲೂಬಹುದು. ಯಾವ ಸ್ಟಿಲ್ಟೂ ಅದನ್ನ ಎತ್ತಿ ಹಿಡಿಯಲ್ಲ. ಕೆಳಗಿನ ಶೆಲ್ಫಿನಲ್ಲಿ ಬೇರೆಯವರ ತಿಂಗಳ ಕೆಲಸ ಇರುತ್ತೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಅನ್ನೋ ಗಾದೆಯಲ್ಲಿ ದೊಣ್ಣೆಯ ಜಾಗದಲ್ಲಿ ಇಂಥ ಒಂದು ಮಗ್‌ ಇಟ್ಟುಕೊಳ್ಳಿ. ಮಣ್ಣು ಯಾವುದು ಅಂತ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಕಿಲ್ನ್‌ನವರಿಗೆ ಹೇಳಿ, ಒಂದು ಚೂರನ್ನ ಹಳೇ ತಟ್ಟೆಯಲ್ಲಿಟ್ಟು ಸುಟ್ಟು ನೋಡ್ತಾರೆ.

ಸ್ಟಿಲ್ಟ್‌ ಬಳಸುವವರಿಗೆ ಕೆಲವು ಕೈಕೆಲಸದ ಮಾತು. ತಳದೊಳಗೆ ಹಿಡಿಸುವಷ್ಟರಲ್ಲಿ ಅಗಲವಾದ ಸ್ಟಿಲ್ಟ್‌ ಆರಿಸಿ, ಪಾತ್ರೆಯ ಭಾರ ಮೂರು ಮೊನೆಗಳ ನಡುವೆ ಬೀಳಲಿ. ಹಿಡಿ ದಪ್ಪ ಇರುವ ಮಗ್‌ ಹಿಡಿಯ ಕಡೆಗೇ ವಾಲುತ್ತೆ, ಇಟ್ಟ ಮೇಲೆ ಮೆಲ್ಲಗೆ ಬೆರಳಿಂದ ತಟ್ಟಿ ನೋಡಿ. ಅಗಲ ತಟ್ಟೆಗೆ ನಡುವೆ ಒಂದು ಪುಟ್ಟ ಸ್ಟಿಲ್ಟ್‌ ಇಟ್ಟರೆ ಆಗಲ್ಲ, ದೊಡ್ಡದು ಬೇಕು, ಇಲ್ಲವೇ ಎರಡು ಮೂರು ಬೇಕು. ಮೊನೆ ತಾಗುವ ಕಡೆ ಗ್ಲೇಜ್‌ ತೆಳ್ಳಗಿರಲಿ. ಹಿಂದಿನ ಸಲದ ಗ್ಲೇಜ್‌ ಅಂಟಿರುವ ಸ್ಟಿಲ್ಟ್‌ ಬಳಸಬೇಡಿ. ಶೆಲ್ಫಿಗೆ ಕಿಲ್ನ್‌ ವಾಶ್‌ ಹಚ್ಚಿರಲಿ, ಚಿಕ್ಕಿ ತಟ್ಟೆಗೆ ತುಪ್ಪ ಸವರಿದ ಹಾಗೆ.

ಬಿಡಿಸುವಾಗ ಗಾಗಲ್ಸ್‌ ಹಾಕಿಕೊಳ್ಳಿ, ಕೈಗೆ ಗ್ಲೌಸ್‌ ಇರಲಿ. ಇದನ್ನ ಮಾತ್ರ ಮರೆಯಬೇಡಿ. ಸ್ಟಿಲ್ಟ್‌ ಕಿತ್ತ ಜಾಗದಲ್ಲಿ ಉಳಿಯೋದು ಗಾಜಿನ ಮುಳ್ಳು. ಬೆರಳಲ್ಲಿ ಸವರಿ ನೋಡೋ ಆಸೆ ಎಲ್ಲರಿಗೂ ಆಗುತ್ತೆ, ಸವರಬೇಡಿ. ಸಾಣೆಕಲ್ಲಿಗೋ ಡೈಮಂಡ್‌ ಪ್ಯಾಡಿಗೋ ನೀರು ಹಾಕಿ, ಒದ್ದೆಯಾಗೇ ಉಜ್ಜಿ. ಒಣಗಿದ್ದನ್ನ ಉಜ್ಜಿದರೆ ಗಾಜಿನ ದೂಳು ಮೂಗಿಗೆ ಹೋಗುತ್ತೆ. ಹಳೇ ಬಟ್ಟೆ ಮೇಲೆ ತಳವನ್ನ ಎಳೆದು ನೋಡಿ, ದಾರ ಸಿಕ್ಕಿಕೊಳ್ಳದಿದ್ದರೆ ಮಾರೋಕೆ ಸಿದ್ಧ. ಕೊಂಡವರ ಮೇಜು ಗೀರಿದರೆ, ಮಗುವಿನ ಕೈ ಕುಯ್ದರೆ, ಮೇಲಿನ ಬಣ್ಣ ಎಷ್ಟು ಚೆನ್ನಾಗಿದ್ದರೂ ಏನು ಪ್ರಯೋಜನ?

ಕೊನೆಯದಾಗಿ, ಫೋನ್‌ನಲ್ಲಿ ನೋಟ್‌ ಮಾಡಿಕೊಳ್ಳುವವರಿಗೆ ಕ್ರಮ ಹೇಳ್ತೀನಿ. ಮೊದಲು ಮಣ್ಣಿನ ಚೀಲ ಓದಿ. ಆಮೇಲೆ ಗ್ಲೇಜ್‌ ಡಬ್ಬಿ ಓದಿ, ಸೊನ್ನೆ ಇದೆಯಾ ನೋಡಿ. ಗ್ಲೇಜ್‌ ಸುಡುವ ಕಾವು ಮಣ್ಣು ಮೆತ್ತಗಾಗುವ ಕಾವಿಗಿಂತ ಸಾಕಷ್ಟು ಕೆಳಗಿದ್ದರೆ ಸ್ಟಿಲ್ಟ್‌ ಕೊಳ್ಳಿ, ಅದರ ಮಿತಿ ಸೆಲ್ಸಿಯಸ್‌ನಲ್ಲೋ ಫ್ಯಾರನ್‌ಹೀಟ್‌ನಲ್ಲೋ ಖಾತ್ರಿ ಮಾಡಿಕೊಳ್ಳಿ. ಎರಡೂ ಹತ್ತಿರ ಹತ್ತಿರ ಇದ್ದರೆ ಸ್ಟಿಲ್ಟಿನ ದುಡ್ಡು ಉಳಿಸಿ, ಒಂದು ಡಬ್ಬಿ ಮೇಣ, ಒಂದು ಸ್ಪಂಜು ತಗೊಳ್ಳಿ.

ನಿಮ್ಮ ಮಣ್ಣು, ನಿಮ್ಮ ಕಿಲ್ನ್‌ ಬಗ್ಗೆ ಪ್ರಶ್ನೆ ಇದ್ದರೆ ಕಳಿಸಿ. ಕೋನ್‌ ಸಂಖ್ಯೆ ಬರೆಯುವಾಗ ಸೊನ್ನೆ ಮರೀಬೇಡಿ.